ಹಲ್ಲಿಗೊಂದು ಕಿರೀಟ

 

“ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ” ಎಂಬ ಗಾದೆ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಕಡೆ ಕಡಲೆಗೆ ಕೊರತೆ ಇಲ್ಲ. ಕಡಕ್ ರೊಟ್ಟಿ, ಶೇಂಗಾ, ಕಬ್ಬು ಎಲ್ಲಾ ಅದಾವ. ಇವನ್ನು ಅಗಿಯಲು ದವಡೆ ಹಲ್ಲು ಬೇಕು. ಅದು ಹುಳುಕಾದರೆ ಊರಾಗ ಎಲ್ಲರೂ ಹೇಳುವ ಮಾತು ಒಂದೇ: “ಕೀಳಿಸಿ ಒಗಿ.” ಆದರೆ ಕೀಳದೆ ಉಳಿಸುವ ದಾರಿಯೂ ಇದೆ. ಅದೇ ಹಲ್ಲಿನ ಕ್ಯಾಪ್. ಇಂಗ್ಲಿಷಿನಲ್ಲಿ ಇದಕ್ಕೆ ಕ್ರೌನ್, ಅಂದರೆ ಕಿರೀಟ ಎನ್ನುತ್ತಾರೆ. ಈ ವರ್ಷ ನಮ್ಮವ್ವ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡಳು. ನಾನು ಜೊತೆಗೆ ಹೋಗಿದ್ದೆ. ಅಲ್ಲಿ ನೋಡಿದ್ದು, ಡಾಕ್ಟರ್ ಹೇಳಿದ್ದು, ಆಮೇಲೆ ಓದಿ ತಿಳಿದುಕೊಂಡದ್ದು ಇಲ್ಲಿ ಬರೆದಿದ್ದೇನೆ.

ಹಲ್ಲು ಹೇಗಿದೆ?

ಹಲ್ಲಿನಲ್ಲಿ ಮೂರು ಪದರ ಇರುತ್ತವೆ. ಮೇಲಿನದು ಎನಾಮಲ್. ನಮ್ಮ ಇಡೀ ದೇಹದಲ್ಲಿ ಎಲುಬಿಗಿಂತಲೂ ಗಟ್ಟಿಯಾದ ವಸ್ತು ಇದು. ಅದರ ಕೆಳಗೆ ಡೆಂಟಿನ್. ಎಲ್ಲಕ್ಕೂ ಒಳಗೆ ತಿರುಳು. ತಿರುಳಿನಲ್ಲಿ ರಕ್ತನಾಳ, ನರಗಳು ಇರುತ್ತವೆ. ಕೈ ಮುರಿದರೆ ಎಲುಬು ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಎನಾಮಲ್ ಒಮ್ಮೆ ತೂತಾದರೆ ತಾನಾಗಿ ತುಂಬಿಕೊಳ್ಳುವುದಿಲ್ಲ.

ಹುಳ ಹತ್ತುವುದು ಅಂದರೇನು?

ಹಲ್ಲಿನಾಗ ಹುಳ ಅದ ಅಂತ ನಮ್ಮಲ್ಲಿ ಹೇಳುತ್ತಾರೆ. ಖರೇ ಹೇಳಬೇಕೆಂದರೆ ಅಲ್ಲಿ ಹುಳ ಇರುವುದಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಇರುತ್ತವೆ. ನಾವು ತಿಂದ ಸಿಹಿ ಹಲ್ಲಿನ ಸಂದಿಯಲ್ಲಿ ಉಳಿದರೆ ಅವು ಅದನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಎನಾಮಲನ್ನು ಕರಗಿಸುತ್ತದೆ. ನಮ್ಮೂರಲ್ಲಿ ಸಕ್ಕರೆ ಕಾರ್ಖಾನೆ ಇದೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗುವಾಗ ಗಳ ಎಳೆದು ತಿನ್ನದವರು ಯಾರಿದ್ದಾರೆ? ತಿನ್ನಬಾರದು ಅಂತ ನಾನು ಹೇಳುವುದಿಲ್ಲ. ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು.

ತೂತು ಸಣ್ಣದಿದ್ದರೆ ಸಿಮೆಂಟ್ ತುಂಬಿದರೆ ಸಾಕು. ತೂತು ತಿರುಳಿಗೆ ಮುಟ್ಟಿದರೆ ರಾತ್ರಿ ನಿದ್ದೆ ಬಾರದಂಥ ನೋವು ಬರುತ್ತದೆ. ಆಗ ರೂಟ್ ಕೆನಾಲ್ ಮಾಡಬೇಕು. ಅಂದರೆ ಕೆಟ್ಟ ತಿರುಳನ್ನು ತೆಗೆದು, ಬೇರಿನ ಒಳಗಿನ ಕೊಳವೆ ತೊಳೆದು, ಔಷಧಿ ತುಂಬಿ ಮುಚ್ಚುವುದು. ನೋವು ಹೋಗುತ್ತದೆ. ಆದರೆ ಹುಳುಕು ತಿಂದದ್ದು, ಡಾಕ್ಟರ್ ಕೊರೆದದ್ದು ಕೂಡಿ ಹಲ್ಲು ತೆಳ್ಳಗಾಗಿರುತ್ತದೆ. ಅದರಿಂದ ಕಡಕ್ ರೊಟ್ಟಿ ಕಡಿದರೆ ಸೀಳಬಹುದು. ಅದಕ್ಕೇ ಮೇಲೆ ಕ್ಯಾಪ್ ಹಾಕುತ್ತಾರೆ.

ಕ್ಯಾಪ್ ಹಾಕುವ ರೀತಿ

ಅವ್ವನಿಗೆ ರೂಟ್ ಕೆನಾಲ್ ಮುಗಿದಿತ್ತು. ಡಾಕ್ಟರ್ ಆ ಹಲ್ಲನ್ನು ಸುತ್ತಲೂ, ಮೇಲೂ ಸ್ವಲ್ಪ ಸವೆಸಿದರು. ಸವೆಸದೆ ಕ್ಯಾಪ್ ಕೂಡಿಸಿದರೆ ಅದು ಎತ್ತರವಾಗುತ್ತದೆ. ಆಮೇಲೆ ನಾದಿದ ಹಿಟ್ಟಿನಂಥ ಮುದ್ದೆ ಕಚ್ಚಿಸಿ ಹಲ್ಲಿನ ಅಚ್ಚು ತೆಗೆದರು. ಅಚ್ಚು ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಆ ಹಲ್ಲಿನ ಅಳತೆಗೇ ಕ್ಯಾಪ್ ಮಾಡುತ್ತಾರೆ. ಒಬ್ಬರ ಕ್ಯಾಪ್ ಇನ್ನೊಬ್ಬರಿಗೆ ಬರುವುದಿಲ್ಲ. ಅದು ಬರುವತನಕ ತಾತ್ಪೂರ್ತಿಕ ಕ್ಯಾಪ್ ಹಾಕಿ ಕಳಿಸಿದರು. ಮುಂದಿನ ವಾರ ಕ್ಯಾಪ್ ಕೂಡಿಸಿ, ಕಾರ್ಬನ್ ಹಾಳೆಯಂಥ ಬಣ್ಣದ ಕಾಗದ ಕಚ್ಚಿಸಿ ನೋಡಿದರು. ಎಲ್ಲಿ ಬಣ್ಣ ಹೆಚ್ಚು ಹತ್ತಿತ್ತೋ ಅಲ್ಲಿ ಸವೆಸಿ ಸರಿ ಮಾಡಿ, ಸಿಮೆಂಟಿನಿಂದ ಅಂಟಿಸಿದರು.

ಕ್ಯಾಪಿನಲ್ಲಿ ಬಗೆಗಳಿವೆ: ಬರೀ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಕೂಡಿಸಿದ್ದು, ಜಿರ್ಕೋನಿಯಾ ಎಂಬ ಬಿಳಿಯದ್ದು. ಬಿಳಿ ಬಣ್ಣದ್ದಕ್ಕೆ ರೊಕ್ಕ ಹೆಚ್ಚು. “ಇದು ಹಿಂದಿನ ಹಲ್ಲು, ಯಾರಿಗೂ ಕಾಣಂಗಿಲ್ಲ. ಲೋಹದ್ದೇ ಗಟ್ಟಿ ಇರ್ತದವ್ವ” ಎಂದು ಡಾಕ್ಟರ್ ಹೇಳಿದ್ದರಿಂದ ಅವ್ವ ಅದನ್ನೇ ಹಾಕಿಸಿಕೊಂಡಳು. ಸಣ್ಣ ಮಕ್ಕಳ ಹಾಲು ದವಡೆ ಹಲ್ಲಿಗೆ ಸ್ಟೀಲಿನ ಸಿದ್ಧ ಕ್ಯಾಪ್ ಇರುತ್ತದೆ. ಹಲ್ಲು ಬೀಳುವಾಗ ಅದೂ ಬೀಳುತ್ತದೆ.

ಕ್ಯಾಪಿನ ಕಥೆ ಹಳೆಯದು. 2500 ವರ್ಷಗಳ ಹಿಂದೆಯೇ ಇಟಲಿಯ ಎಟ್ರಸ್ಕನ್ ಜನ ಹಲ್ಲಿಗೆ ಬಂಗಾರದ ಪಟ್ಟಿ ಕಟ್ಟುತ್ತಿದ್ದರು. ಪಿಂಗಾಣಿಯ ಕ್ಯಾಪನ್ನು 1880ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯರು ಮಾಡಿದರು. 1927ರಲ್ಲಿ ಒಬ್ಬನೇ ವಿಮಾನ ನಡೆಸಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೋದ ಚಾರ್ಲ್ಸ್ ಲಿಂಡ್‌ಬರ್ಗ್ ಇವರ ಮಗಳ ಮಗ!

ಕೀಳಿಸಿದರೆ ಏನಾಗುತ್ತದೆ?

ಅವ್ವ ನಾಲ್ಕು ಸಲ ಕಲಬುರಗಿಗೆ ಹೋಗಿ ಬರಬೇಕಾಯಿತು. ನಮ್ಮ ಆಯಿ ಸಿಟ್ಟಾದಳು. “ಒಂದು ಹಲ್ಲಿನ ಸಲುವಾಗಿ ನಾಕು ದಿನದ ಕೂಲಿ ಕಳಕೋತಿ ಏನವಾ? ಕೀಳಿಸಿದ್ರ ಒಂದೇ ದಿನದಾಗ ಮುಗೀತದ” ಅಂದಳು. ಆಯಿ ಮಾತೂ ಸುಳ್ಳಲ್ಲ. ಕೂಲಿ ಹೋಯಿತು, ಬಸ್ ಚಾರ್ಜ್ ಹೋಯಿತು, ಕ್ಯಾಪಿಗೂ ರೊಕ್ಕ ಹೋಯಿತು. ಆದರೆ ಕೀಳಿಸಿದರೆ ಅಲ್ಲಿಗೇ ಮುಗಿಯುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಬೆಂಚಿನ ಮೇಲೆ ಕುಳಿತವರಲ್ಲಿ ಒಬ್ಬ ಎದ್ದು ಹೋದರೆ ಬಾಜೂದವರು ಸರಿಯುತ್ತಾರಲ್ಲವೇ? ಹಲ್ಲೂ ಹಾಗೆಯೇ. ಬಾಜೂ ಹಲ್ಲು ಖಾಲಿ ಜಾಗಕ್ಕೆ ವಾಲುತ್ತವೆ. ಎದುರಿನ ಹಲ್ಲು ಜಾಗ ಬಿಟ್ಟು ಇಳಿಯುತ್ತದೆ ಇಲ್ಲವೆ ಏಳುತ್ತದೆ. ಸಂದಿಯಲ್ಲಿ ಅನ್ನ ಸಿಕ್ಕು ಅವೂ ಹುಳುಕಾಗುತ್ತವೆ. ಈಗ ಅವ್ವ ಎರಡೂ ಬಾಜೂ ರೊಟ್ಟಿ ಅಗಿಯುತ್ತಾಳೆ.

ಎಲ್ಲಿ ತೋರಿಸಬೇಕು?

ತಾಲೂಕು ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರ್ ಇದ್ದರೆ ಮೊದಲು ಅಲ್ಲಿ ತೋರಿಸಬೇಕು. ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು ಇವೆ. ಕಲಿಯುವ ಡಾಕ್ಟರರು ಗುರುಗಳ ಮುಂದೆ ಚಿಕಿತ್ಸೆ ಮಾಡುವುದರಿಂದ ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಆದರೆ ಸಲ ಹೆಚ್ಚು ಹೋಗಬೇಕಾಗಬಹುದು. 2014ರಲ್ಲಿ ಕರ್ನಾಟಕ ಸರ್ಕಾರ ಬಡ ಹಿರಿಯರಿಗಾಗಿ ‘ದಂತ ಭಾಗ್ಯ’ ಯೋಜನೆ ಶುರು ಮಾಡಿತು. ಅದು ಹಲ್ಲೆಲ್ಲ ಹೋದವರಿಗೆ ಹಲ್ಲಿನ ಸೆಟ್ ಕೊಡುವ ಯೋಜನೆ. ಕ್ಯಾಪ್ ಹಾಕಲು ಹಲ್ಲು ಮತ್ತು ಬೇರು ಇನ್ನೂ ಬಾಯಲ್ಲಿ ಇರಬೇಕು. ಕಿತ್ತ ಮೇಲೆ ಕ್ಯಾಪ್ ಹಾಕಲು ಬರುವುದಿಲ್ಲ.

ನೆನಪಿಡಬೇಕಾದ ಮಾತು

ನಮಗೆ ಆರು ವರ್ಷವಾದಾಗ ಹಾಲು ಹಲ್ಲುಗಳ ಹಿಂದೆ, ಮೇಲೆ ಎರಡು ಕೆಳಗೆ ಎರಡು ದವಡೆ ಹಲ್ಲು ಬರುತ್ತವೆ. ಯಾವ ಹಲ್ಲೂ ಬೀಳದೆ ಸುಮ್ಮನೆ ಬರುವುದರಿಂದ ಮನೆಯವರು ಅವನ್ನೂ ಹಾಲು ಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದರೆ “ಬಿದ್ದು ಮತ್ತ ಬರ್ತದ ಬಿಡು” ಅನ್ನುತ್ತಾರೆ. ಅದು ಮತ್ತೆ ಬರುವುದಿಲ್ಲ! ಅದೇ ಸಾಯುವತನಕ ಇರಬೇಕಾದ ಹಲ್ಲು. ಅವ್ವನದು ಕೆಟ್ಟದ್ದೂ ಇದೇ ಹಲ್ಲು.

ಕ್ಯಾಪ್ ಹಾಕಿದ ಮೇಲೂ ದಿನಕ್ಕೆ ಎರಡು ಸಲ ತಿಕ್ಕಬೇಕು. ಕ್ಯಾಪಿಗೆ ಹುಳುಕು ಹತ್ತುವುದಿಲ್ಲ, ಆದರೆ ಅದರ ಅಂಚಿನ ಕೆಳಗಿನ ಹಲ್ಲಿಗೆ ಹತ್ತುತ್ತದೆ. ಬಾಟಲಿ ಮುಚ್ಚಳ ಹಲ್ಲಿನಿಂದ ತೆಗೆಯಬಾರದು.

ಗೆಳೆಯರೇ, ಇವತ್ತು ಮನೆಗೆ ಹೋಗಿ ಕನ್ನಡಿ ಮುಂದೆ ಬಾಯಿ ತೆರೆಯಿರಿ. ನಡುವಿನ ಹಲ್ಲಿನಿಂದ ಹಿಂದಕ್ಕೆ ಎಣಿಸಿರಿ. ಆರನೆಯದೇ ಆ ಹಲ್ಲು. ನಾಲ್ಕೂ ಕಡೆ ನೋಡಿರಿ. ಕಪ್ಪು ತೂತು ಕಂಡರೆ ನೋವು ಬರುವತನಕ ಕಾಯಬೇಡಿರಿ, ಅವತ್ತೇ ಮನೆಯಲ್ಲಿ ಹೇಳಿರಿ. ಈಗಲಾದರೆ ಸಿಮೆಂಟಿನಲ್ಲೇ ಮುಗಿಯುತ್ತದೆ, ಕಿರೀಟ ಬೇಕಾಗುವುದಿಲ್ಲ.

— 7ನೇ ತರಗತಿ ವಿದ್ಯಾರ್ಥಿನಿ, ಹವಳಗಾ