ನಿಮಗಿದು ಗೊತ್ತೆ? ಕಾಲುವೆ ಏರಿಯ ಮೇಲೊಂದು ಸೈಕಲ್ ದಾರಿ

● ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ಘಟಪ್ರಭಾ ನದಿಗೆ 1897ರಲ್ಲಿ ಒಡ್ಡು ಕಟ್ಟಲಾಯಿತು. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆಯ ಉದ್ದ 109 ಕಿ.ಮೀ. ಮುಧೋಳ, ಜಮಖಂಡಿ ಸೀಮೆಯ ಕಬ್ಬಿಗೆ ಇದೇ ನೀರು.

● ದೊಡ್ಡ ಕಾಲುವೆಗಳ ಏರಿಯ ಮೇಲೆ ಗರಸಿನ ದಾರಿ ಇರುತ್ತದೆ. ಇದು ನೀರಾವರಿ ಸಿಬ್ಬಂದಿ ತಪಾಸಣೆಗೆ ಓಡಾಡಲು ಮಾಡಿದ್ದು. ಇಂಗ್ಲೆಂಡಿನ ಕಾಲುವೆ ದಾರಿಗಳು ಹುಟ್ಟಿದ್ದು ದೋಣಿ ಎಳೆಯುವ ಕುದುರೆಗಳಿಗಾಗಿ!

● ನೀರು ತಾನಾಗಿ ಹರಿಯಬೇಕಾದ್ದರಿಂದ ಕಾಲುವೆಯ ಇಳಿಜಾರು ತೀರಾ ಕಡಿಮೆ. ಪಕ್ಕದ ದಾರಿಯೂ ಹಾಗೆಯೇ ಸಾಗುವುದರಿಂದ ಸೈಕಲ್ ತುಳಿಯುವವರಿಗೆ ಏರು ಹತ್ತುವ ಕಷ್ಟವಿಲ್ಲ.

● ಗರಸಿನ ದಾರಿಗೆಂದೇ ಬರುವ ‘ಗ್ರಾವೆಲ್’ ಸೈಕಲ್‌ಗಳ ಟೈರು ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಅಗಲ. ಈ ಬಗೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯಲ್ಲಿ ನಡೆಯಿತು.

● ಮುಧೋಳ–ಬೀಳಗಿ ನಡುವಿನ ಕುರುಚಲು ಕಾಡು ಈಗ ಯಡಹಳ್ಳಿ ಚಿಂಕಾರ ವನ್ಯಧಾಮ. 2016ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ ಸುಮಾರು 96 ಚದರ ಕಿ.ಮೀ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಸೈಕಲ್ ಓಡಿಸುವಂತಿಲ್ಲ.

● ಮಳೆ ಬಿದ್ದಾಗ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ ಕದಲದು. ಜಾಲಿಮುಳ್ಳಿಗೆ ಪಂಕ್ಚರ್ ಖಚಿತ. ಪಂಪು, ಪ್ಯಾಚು ಜೊತೆಗಿರಲಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಬಗ್ಗೆ ಎಚ್ಚರ. ಕಾಲುವೆಯ ಅಂಚಿಗೆ ತಡೆಗೋಡೆ ಇಲ್ಲದ ಕಡೆ ಕತ್ತಲಾದ ಮೇಲೆ ಸವಾರಿ ಬೇಡ.