ತೊನಾಮಿ: ಗಡ್ಡೆಗಾಗಿ ಹೂವನ್ನು ತ್ಯಜಿಸುವ ಊರು

ಜಪಾನ್ ದೇಶದ ಹೂವೆಂದರೆ ಚೆರ್ರಿ ಮತ್ತು ಸೇವಂತಿಗೆ ಎಂದೇ ನಮ್ಮಲ್ಲಿ ಅನೇಕರ ಎಣಿಕೆ. ಆದರೆ ಆ ದೇಶದ ತೊಯಾಮಾ ಪ್ರಾಂತದಲ್ಲಿ, 50,000ಕ್ಕಿಂತಲೂ ಕಡಿಮೆ ಜನರಿರುವ ತೊನಾಮಿ ಎಂಬ ಪುಟ್ಟ ನಗರವು ಪರದೇಶದಿಂದ ಬಂದ ಟ್ಯೂಲಿಪ್ ಹೂವಿನಿಂದ ಹೆಸರಾಗಿದೆ. ನಮ್ಮ ಪ್ರಾಚೀನ ಕವಿಗಳ ವನವರ್ಣನೆಗಳಲ್ಲಿ ಈ ಹೂವಿಗೆ ಎಡೆಯಿಲ್ಲವಾದುದರಿಂದ ಅನ್ಯದೇಶ್ಯ ನಾಮವನ್ನೇ ಉಳಿಸಿಕೊಂಡಿದ್ದೇನೆ, ವಾಚಕರು ಮನ್ನಿಸಬೇಕು.

ಶೋ ನದಿಯು ತಂದು ಹರಡಿದ ಮೆಕ್ಕಲು ಬಯಲಿನಲ್ಲಿ ಈ ಊರಿದೆ. ಇಲ್ಲಿಯ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿ ಸೇರಿಲ್ಲ. ಒಂದೊಂದು ಮನೆಯೂ ತನ್ನ ಗದ್ದೆಗಳ ನಡುವೆ, ಗಾಳಿಯನ್ನು ತಡೆಯುವ ಮರಗಳ ಮರೆಯಲ್ಲಿ ಒಂಟಿಯಾಗಿ ನಿಂತಿದೆ. ಭತ್ತವನ್ನು ಕೊಯ್ದ ಮೇಲೆ ಹಿಮ ಬೀಳುವ ಆ ನೆಲದಲ್ಲಿ ಬೇರೇನನ್ನು ಬೆಳೆಯಬಹುದು? 1918ರಲ್ಲಿ ಮಿಜುನೊ ಬುಂಜೊ ಎಂಬ ತರುಣ ರೈತನು ಟ್ಯೂಲಿಪ್ ಗಡ್ಡೆಗಳನ್ನು ನೆಟ್ಟು ನೋಡಿದನು. ಹೂವು ಮಾರಾಟವಾಯಿತು, ಅದಕ್ಕೂ ಮಿಗಿಲಾಗಿ, ನೆಲದಡಿಯ ಗಡ್ಡೆ ಪುಷ್ಟವಾಗಿ ಬೆಳೆದಿತ್ತು.

ಇದರ ಮರ್ಮ ಹಿಮದಲ್ಲಿದೆ. ಶರತ್ಕಾಲದಲ್ಲಿ ನೆಟ್ಟ ಗಡ್ಡೆಗೆ ಹಿಮವೇ ಹೊದಿಕೆ. ಅದರ ಕೆಳಗೆ ಮಣ್ಣು ಒಣಗದು, ಕಡುಚಳಿಗೆ ಗಡ್ಡಿಗಟ್ಟದು. ಏಪ್ರಿಲ್ ಕೊನೆಗೆ ಬಯಲೆಲ್ಲ ಹೂವಾಗುತ್ತದೆ. ಆಗ ರೈತನು ರೋಗದ ಗಿಡಗಳನ್ನೂ ಬೇರೆ ಜಾತಿಯವನ್ನೂ ಕಿತ್ತು ಹಾಕಿ, ಉಳಿದ ಗಿಡಗಳ ಹೂವನ್ನೆಲ್ಲ ಚಿವುಟಿ ಬಿಡುತ್ತಾನೆ! ನೋಡುವವರಿಗೆ ಇದು ನಿರ್ದಯವೆನಿಸಬಹುದು. ಆದರೆ ಹೂವು ಬೀಜ ಕಟ್ಟತೊಡಗಿದರೆ ಅದಕ್ಕೆ ವ್ಯಯವಾಗುವ ಸಾರ ಗಡ್ಡೆಗೆ ಇಲ್ಲವಾಗುವುದು. ಎಲೆಗಳನ್ನು ಮಾತ್ರ ಉಳಿಸಿ, ಜೂನ್ ತಿಂಗಳಲ್ಲಿ ಗಡ್ಡೆಗಳನ್ನು ಅಗೆಯುತ್ತಾರೆ. ಸರದಿಯಲ್ಲಿ ಭತ್ತಕ್ಕಾಗಿ ನಿಲ್ಲಿಸುವ ನೀರು ಮಣ್ಣಿನ ರೋಗಗಳನ್ನೂ ತಗ್ಗಿಸುತ್ತದೆ.

ಹೂವನ್ನು ಹೂವಾಗಿಯೇ ನೋಡಬಯಸುವವರಿಗೆ 1952ರಲ್ಲಿ ಆರಂಭವಾದ ಟ್ಯೂಲಿಪ್ ಉತ್ಸವವಿದೆ. ಉದ್ಯಾನದಲ್ಲಿ ಸುಮಾರು 300 ಬಗೆಯ 30 ಲಕ್ಷ ಹೂಗಳು ಅರಳುತ್ತವೆ.

ಆದರೂ ಬೆಳೆಗಾರನ ಬದುಕು ಉತ್ಸವದಂತಿಲ್ಲ. 1980ರ ದಶಕದ ಕೊನೆಗೆ ಹಾಲೆಂಡಿನ ಗಡ್ಡೆಗಳ ಆಮದಿಗಿದ್ದ ನಿರ್ಬಂಧ ಸಡಿಲಗೊಂಡಿತು. ಅಗ್ಗದ ಗಡ್ಡೆಗಳು ಬಂದವು. ಇಲ್ಲಿ ಬೆಳೆಯುವವರ ಸಂಖ್ಯೆ ಇಳಿಯಿತು. ಉಳಿದವರು ಯಂತ್ರಗಳನ್ನೂ ಹೊಸ ತಳಿಗಳನ್ನೂ ನೆಚ್ಚಿದ್ದಾರೆ. ತೊನಾಮಿಯಲ್ಲಿಯೇ ಪ್ರಾಂತ ಸರ್ಕಾರದ ಸಂಶೋಧನಾಲಯವು ತಳಿಗಳನ್ನು ರೂಪಿಸುತ್ತಿದೆ. ಬೀಜದಿಂದ ಮೊದಲ ಹೂವು ಕಾಣಲು ಸುಮಾರು 5 ವರ್ಷ. ಆ ತಳಿಯ ಗಡ್ಡೆ ಪೇಟೆಗೆ ಬರಲು ಸುಮಾರು 20 ವರ್ಷ.