ಮೂಳೆ ಸೇರುವ ಮುನ್ನ

ಆಗತಾನೇ ಹುಟ್ಟಿದ ಇಲಿಮರಿಯ ತೂಕ ಒಂದೂವರೆ ಗ್ರಾಂ ಆಸುಪಾಸು. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ಚರ್ಮ ಎಷ್ಟು ತೆಳುವೆಂದರೆ, ಕುಡಿದ ಹಾಲು ಹೊಟ್ಟೆಯೊಳಗೆ ಬಿಳಿ ಮಚ್ಚೆಯ ಹಾಗೆ ಹೊರಗೇ ಕಾಣುತ್ತದೆ. ಕಿವಿಯ ಮುಂದೆ ಹಾದುಹೋಗುವ ರಕ್ತನಾಳವೂ ಅಷ್ಟೇ ಸ್ಪಷ್ಟ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಸೂಜಿ ಚುಚ್ಚುವುದು ಅಲ್ಲಿಗೇ. ಮಿಲಾನ್ ನಗರದ ಸ್ಯಾನ್ ರಫೇಲೆ ಟೆಲಿಥಾನ್ ಸಂಸ್ಥೆಯ ವಿಜ್ಞಾನಿಗಳು ಇಂಥ ಮರಿಗಳ ರಕ್ತಕ್ಕೆ ನೇರವಾಗಿ ಜೀನ್ ಚಿಕಿತ್ಸೆ ಕೊಟ್ಟು, 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದರು.

ರಕ್ತದ ಕಣಗಳೆಲ್ಲ ಹುಟ್ಟುವುದು ಅಸ್ಥಿಮಜ್ಜೆಯ ಆಕರಕೋಶಗಳಿಂದ. ಆದರೆ ಭ್ರೂಣದಲ್ಲಿ ಅವುಗಳ ವಾಸ ಯಕೃತ್ತಿನಲ್ಲಿ. ಹೆರಿಗೆಯ ಹೊತ್ತಿಗೆ ಅವು ರಕ್ತದಲ್ಲಿ ಸಾಗಿ ಮೂಳೆಗೆ ವಲಸೆ ಹೋಗುತ್ತವೆ. ಹೊಸ ಮನೆ ಸೇರಿ ಬಾಗಿಲು ಹಾಕಿಕೊಂಡವರನ್ನು ಹೊರಗೆ ಕರೆಯುವುದಕ್ಕಿಂತ ದಾರಿಯಲ್ಲೇ ಹಿಡಿಯುವುದು ಸುಲಭವಲ್ಲವೆ? ಇಲಿಗಳಲ್ಲಿ ಅದಕ್ಕೆ ಸಿಗುವ ಅವಧಿ ಸುಮಾರು ಎರಡು ವಾರ.

ಈಗ ಬಳಕೆಯಲ್ಲಿರುವ ಪದ್ಧತಿ ಬಹಳ ಸುತ್ತುಬಳಸಿನದು. ರೋಗಿಯ ಆಕರಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಸರಿಯಾದ ಜೀನ್ ಸೇರಿಸಿ, ವಾಪಸು ಹಾಕಬೇಕು. ಅವುಗಳಿಗೆ ಜಾಗ ಮಾಡಲು ಮಜ್ಜೆಯಲ್ಲಿರುವ ಹಳೆಯ ಕೋಶಗಳನ್ನು ಕೀಮೋಥೆರಪಿಯಿಂದ ಕೊಲ್ಲಬೇಕು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಐವರು ಹಿಮೋಫಿಲಿಯಾ ರೋಗಿಗಳಿಗೆ ಕೊಟ್ಟ ಚಿಕಿತ್ಸೆಯೂ ಇದೇ ಜಾತಿಯದು. ಅದರ ಫಲಿತಾಂಶ 2024ರ ಕೊನೆಯಲ್ಲಿ ಹೊರಬಂತು.

ಮಿಲಾನಿನವರು ಇದಾವುದನ್ನೂ ಮಾಡಲಿಲ್ಲ. ಎಚ್‌ಐವಿ ಬಳಗದ ವೈರಸ್ಸಿನಿಂದ ರೋಗ ತರುವ ಭಾಗ ಕಿತ್ತುಹಾಕಿ ಮಾಡಿದ ವಾಹಕದಲ್ಲಿ ಜೀನ್ ತುಂಬಿ ಚುಚ್ಚಿದರು. ಹಾಗೆ ಹೋದ ವೈರಸ್ಸನ್ನು ಯಕೃತ್ತಿನ ಭಕ್ಷಕ ಕೋಶಗಳು ಕಂಡಕಂಡಲ್ಲಿ ನುಂಗಿಬಿಡುತ್ತವೆ. ಆದ್ದರಿಂದ ವಾಹಕದ ಮೈಮೇಲೆ ‘ನನ್ನನ್ನು ತಿನ್ನಬೇಡ’ ಎಂದು ಸೂಚಿಸುವ ಸಿಡಿ47 ಎಂಬ ಪ್ರೋಟೀನನ್ನು ಹೆಚ್ಚಾಗಿ ಇಟ್ಟರು. ಇಷ್ಟಾದರೂ ಜೀನ್ ಮುಟ್ಟುವುದು ಕೆಲವೇ ಆಕರಕೋಶಗಳನ್ನು.

ಆ ಕೆಲವೇ ಸಾಕಾಗುವ ರೋಗಗಳಿವೆ ಎನ್ನುವುದೇ ಇಲ್ಲಿನ ಜಾಣತನ. ಫ್ಯಾಂಕೋನಿ ರಕ್ತಹೀನತೆಯಲ್ಲಿ ಕೋಶಗಳಿಗೆ ತಮ್ಮ ಡಿಎನ್‌ಎ ದುರಸ್ತಿ ಮಾಡಿಕೊಳ್ಳಲು ಬರುವುದಿಲ್ಲ. ಮಜ್ಜೆ ಬರಿದಾಗುತ್ತಾ ಹೋಗುತ್ತದೆ, ಹೊರತೆಗೆಯೋಣವೆಂದರೆ ಆಕರಕೋಶಗಳೇ ಸಾಲುವುದಿಲ್ಲ. ಡಿಎನ್‌ಎಯನ್ನೇ ಕೆಡಿಸುವ ಕೀಮೋ ಔಷಧಿಗಳನ್ನು ಅಂಥ ದೇಹ ತಾಳುವುದೂ ಕಷ್ಟ. ಆದರೆ ಸರಿಹೋದ ಒಂದೊಂದು ಕೋಶವೂ ದುರ್ಬಲ ನೆರೆಕೋಶಗಳನ್ನು ಹಿಂದೆ ಹಾಕಿ ಸಂತಾನ ಬೆಳೆಸುತ್ತದೆ. ಇಲಿಗಳಲ್ಲಿ ಆದದ್ದೂ ಅದೇ: ಸರಿಹೋದ ಕೋಶಗಳು ಕ್ರಮೇಣ ಮಜ್ಜೆಯನ್ನು ಆವರಿಸಿ ಅದು ಬರಿದಾಗದಂತೆ ತಡೆದವು. ಎಡಿಎ ಎಂಬ ಕಿಣ್ವದ ಕೊರತೆಯಿಂದ ರೋಗನಿರೋಧಕ ಶಕ್ತಿಯೇ ಇಲ್ಲದ ಮರಿಗಳಿಗೂ, ಮೂಳೆ ಕಲ್ಲಿನಂತೆ ಗಟ್ಟಿಯಾಗುವ ಆಸ್ಟಿಯೋಪೆಟ್ರೋಸಿಸ್ ಇರುವ ಮರಿಗಳಿಗೂ ಪ್ರಯೋಜನವಾಯಿತು.

ಮನುಷ್ಯರ ಮಕ್ಕಳಲ್ಲೂ ಇಂಥ ಅವಕಾಶವಿದೆಯೆ? ಹುಟ್ಟಿದ ಕೂಸಿನ ರಕ್ತದಲ್ಲಿ ಆಕರಕೋಶಗಳು ದೊಡ್ಡವರಿಗಿಂತ ಹೆಚ್ಚೇ ಇರುತ್ತವೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕದ ಮೊದಲ ಹೊಕ್ಕುಳಬಳ್ಳಿ ರಕ್ತದ ಕಸಿ ಸಾಧ್ಯವಾದದ್ದು ಇದರಿಂದಲೇ. ಆ ಕಸಿ ಪಡೆದ ಬಾಲಕನಿಗಿದ್ದದ್ದೂ ಫ್ಯಾಂಕೋನಿಯೇ. ಆದರೆ ವೈರಸ್ ವಾಹಕ ಡಿಎನ್‌ಎಯ ತಪ್ಪು ಜಾಗದಲ್ಲಿ ಸೇರಿಕೊಂಡರೆ ಕ್ಯಾನ್ಸರ್ ಭಯವಿದೆ. ಹಳೆಯ ಮಾದರಿಯ ವಾಹಕ ಬಳಸಿದ ಕೆಲವು ಮಕ್ಕಳಿಗೆ ಲ್ಯುಕೀಮಿಯಾ ಬಂದದ್ದುಂಟು. ನನಗೆ ಅದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಕ್ಯಾಲೆಂಡರು. ಹುಟ್ಟಿದ ಕೆಲವೇ ದಿನಗಳಲ್ಲಿ ಚಿಕಿತ್ಸೆಯಾಗಬೇಕಾದರೆ ರೋಗವೂ ಅಷ್ಟರೊಳಗೇ ಗೊತ್ತಾಗಬೇಕು. ಎಲ್ಲ ನವಜಾತ ಶಿಶುಗಳಿಗೂ ಇಂಥ ರೋಗಗಳ ತಪಾಸಣೆ ನಡೆಸುವ ವ್ಯವಸ್ಥೆ ನಮ್ಮಲ್ಲಿಲ್ಲ. ಮಗುವಿಗೆ ಮತ್ತೆ ಮತ್ತೆ ನ್ಯುಮೋನಿಯಾ ಬಂದು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕಾರಣ ತಿಳಿಯುವಷ್ಟರಲ್ಲಿ ಎಷ್ಟೋ ತಿಂಗಳು ಕಳೆದಿರುತ್ತವೆ.